ಕೊಳಗಕ್ಕೆ ಅಂಟದ ಸ್ಟಿಕರ್

ಕಂಪ್ಯೂಟರ್ ಬಂದ ಮೇಲೆ ಕೆಲಸ ಹಗುರ ಆಗುತ್ತೆ ಅಂತ ಮೊದಲು ಹೇಳಿದವರು ಯಾರೋ, ಅವರನ್ನ ಒಂದೇ ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಬೇಕು ಅಂತ ನನಗೆ ಬಹಳ ಆಸೆ. ನಮ್ಮ ಆಫೀಸಿನಲ್ಲಿ ವಾರಕ್ಕೊಂದಾದರೂ ಕಂಪ್ಯೂಟರ್ ಎಡವಟ್ಟು ಆಗಿಯೇ ಆಗುತ್ತೆ. ಯಾವುದಾದರೂ ವಾರ ಆಗಲಿಲ್ಲ ಅಂದರೆ ಆ ವಾರ ಕರೆಂಟ್ ಇರಲಿಲ್ಲ ಅಂತ ತಿಳ್ಕೊಳ್ಳಿ.

ನಮ್ಮದು ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡೋ ಅಂಗಡಿ. ಹೆಡ್ಡಾಫೀಸು ಕಡೂರು. ಬ್ರಾಂಚು ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು. ಮದುವೆಯಾಗಲಿ, ಗೃಹಪ್ರವೇಶವಾಗಲಿ, ತಿಥಿಯಾಗಲಿ, ಸಾವಿರ ಜನಕ್ಕೆ ಅನ್ನ ಬೇಯಿಸೋ ಕೊಳಗದಿಂದ ಹಿಡಿದು ಉಪ್ಪಿನಕಾಯಿ ಬಡಿಸೋ ಚಮಚದವರೆಗೆ ಎಲ್ಲ ಹೋಗೋದು ನಮ್ಮಿಂದಲೇ. ನಾನು ಕಡೂರು ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಬುಕಿಂಗ್ ನೋಡಿಕೊಳ್ಳೋಳು. ಅಷ್ಟೂ ವರ್ಷ ವ್ಯಾಪಾರ ನಡೆದದ್ದು ಒಂದು ಉದ್ದನೆ ನೋಟ್‌ಬುಕ್, ಒಂದು ಫೋನು, ಮತ್ತೆ ಅಜ್ಜಂಪುರದ ದೊಡ್ಡಪ್ಪ, ಈ ಮೂರರ ಮೇಲೆ.

ದೊಡ್ಡಪ್ಪ ಅಂದರೆ ನನ್ನ ಸ್ವಂತ ದೊಡ್ಡಪ್ಪ ಅಲ್ಲ. ಅಜ್ಜಂಪುರದ ಗೋಡೌನ್ ನೋಡಿಕೊಳ್ಳೋ ಹಿರಿಯರು. ಎಲ್ಲರೂ ಅವರನ್ನ ಕರೆಯೋದೇ ಹಾಗೆ. ಗೋಡೌನಿನ ಹಿಂದಿನ ಎರಡು ಕೋಣೆಯಲ್ಲೇ ಅವರು, ಅವರ ಹೆಂಡತಿ ಸಂಸಾರ ಮಾಡ್ಕೊಂಡಿದಾರೆ. ಯಾವ ಕೊಳಗ ಯಾರ ಮನೆಯಲ್ಲಿದೆ, ಯಾವುದರ ಹಿಡಿ ಅಲ್ಲಾಡುತ್ತೆ, ಯಾವ ಭಟ್ಟರಿಗೆ ಯಾವ ಬಾಣಲೆ ಕೊಟ್ಟರೆ ಮುಖ ಸಿಂಡರಿಸ್ತಾರೆ, ಮೂರೂ ಬ್ರಾಂಚಿನ ಲೆಕ್ಕ ಅವರ ತಲೆಯಲ್ಲಿರುತ್ತೆ.

ಹೋದ ವರ್ಷ ಯಜಮಾನರು ವ್ಯವಹಾರವನ್ನ ಅಳಿಯಂದಿರ ಕೈಗೆ ಕೊಟ್ಟರು. ಅಳಿಯಂದಿರು ಒಳ್ಳೆಯವರೇ, ಮ್ಯಾನೇಜ್‌ಮೆಂಟ್ ಓದಿದಾರೆ. ಬಂದ ವಾರವೇ ಒಂದು ಸಾಫ್ಟ್‌ವೇರ್ ತಂದರು. ಮೂರು ತಿಂಗಳು ನೋಡೋಣ, ಅದರಲ್ಲಿ ಯಾವ ಬ್ರಾಂಚಿಗೆ ಕಡಿಮೆ ಅಂಕ ಬರುತ್ತೋ ಅದನ್ನ ಮುಚ್ಚೋಣ ಅಂದರು. ಇನ್ನು ಮೇಲೆ ಯಾರೂ ಯಾರಿಗೂ ಫೋನ್ ಮಾಡಕೂಡದು, ಎಲ್ಲ ಸಿಸ್ಟಮ್‌ನಲ್ಲೇ ಆಗಬೇಕು ಅಂತಲೂ ಅಂದರು. ನನಗೆ ಆಗಲೇ ದೊಡ್ಡಪ್ಪನ ನೆನಪಾಯಿತು.

ಸ್ಟಿಕರ್

ಮೊದಲನೇ ಕೆಲಸ ಪ್ರತಿ ಪಾತ್ರೆಗೂ ಗೆರೆಗೆರೆ ಇರೋ ಒಂದು ಸ್ಟಿಕರ್ ಅಂಟಿಸೋದು. ಪಾತ್ರೆ ಹೊರಗೆ ಹೋಗೋವಾಗ ಒಂದು ಸಲ ಸ್ಕ್ಯಾನ್ ಮಾಡಬೇಕು, ವಾಪಸ್ ಬಂದಾಗ ಇನ್ನೊಂದು ಸಲ. ಆಗ ಯಾವ ಪಾತ್ರೆ ಎಲ್ಲಿದೆ ಅಂತ ಅಳಿಯಂದಿರಿಗೆ ಮೊಬೈಲಿನಲ್ಲೇ ಗೊತ್ತಾಗುತ್ತೆ.

ನಾನು ಬಾಯಿ ತಡೆಯಲಾರದೆ ಕೇಳಿಯೇಬಿಟ್ಟೆ, ಸಾರ್, ಕೊಳಗವನ್ನ ಸೌದೆ ಒಲೆ ಮೇಲೆ ಇಡ್ತಾರಲ್ಲ ಅಂತ. ಅದಕ್ಕೇ ವಾಟರ್‌ಪ್ರೂಫ್ ತರಿಸಿದೀನಿ ಮೇಡಂ ಅಂದರು. ಬೆಂಕಿಗೂ ನೀರಿಗೂ ವ್ಯತ್ಯಾಸ ಇದೆ ಅಂತ ಮ್ಯಾನೇಜ್‌ಮೆಂಟ್ ಓದಿದವರಿಗೆ ನಾನು ಹೇಗೆ ಹೇಳಲಿ.

ಮೊದಲನೇ ಮದುವೆಗೇ ಅರ್ಧ ಸ್ಟಿಕರ್ ಸುಟ್ಟು ಕರಕಲಾಯಿತು. ಉಳಿದ ಅರ್ಧವನ್ನ ಪಾತ್ರೆ ತೊಳೆಯೋ ಹೆಂಗಸರು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೆಗೆದರು. ಅದರಲ್ಲಿ ಒಬ್ಬಾಕೆ ನನ್ನ ಮೇಲೇ ರೇಗಿದಳು. ಪಾತ್ರೆಗೆ ಅದೇನು ಗಲೀಜು ಮೆತ್ತಿ ಕಳಿಸ್ತೀರ, ತೆಗೆಯೋಕೆ ನಮ್ಮ ಉಗುರೇ ಕಿತ್ತುಹೋಯ್ತು ಅಂದಳು.

ಇದಕ್ಕೆ ತರೀಕೆರೆ ಮ್ಯಾನೇಜರು ಒಂದು ಉಪಾಯ ಹುಡುಕಿದರು. ಮಹಾ ಚುರುಕು ಆಸಾಮಿ. ಸ್ಟಿಕರುಗಳನ್ನೆಲ್ಲ ಒಂದು ದೊಡ್ಡ ರಟ್ಟಿನ ಮೇಲೆ ಸಾಲಾಗಿ ಅಂಟಿಸಿ, ಪ್ರತಿಯೊಂದರ ಕೆಳಗೆ ದೊಡ್ಡ ಕೊಳಗ, ಸಣ್ಣ ಕೊಳಗ, ಇಡ್ಲಿ ಪಾತ್ರೆ ಅಂತ ಬರೆದು, ಗೋಡೌನಿನ ಬಾಗಿಲಿಗೆ ನೇತುಹಾಕಿದರು. ಪಾತ್ರೆ ಹೋದಾಗಲೂ ಬಂದಾಗಲೂ ರಟ್ಟಿಗೆ ಮೊಬೈಲ್ ಹಿಡಿದರೆ ಆಯ್ತು. ಒಂದೂ ಸುಡಲಿಲ್ಲ, ಒಂದೂ ಕಿತ್ತುಬರಲಿಲ್ಲ. ಮೂರು ತಿಂಗಳಲ್ಲಿ ಒಂದು ಸ್ಟಿಕರ್ ಕೂಡ ಹಾಳಾಗದ ಬ್ರಾಂಚು ಅಂತ ಅಳಿಯಂದಿರು ಅವರಿಗೆ ಶಾಲು ಹೊದಿಸಿದರು.

ಏಳು ದಿನ ಮುಂಚೆ

ಸಿಸ್ಟಮ್‌ನಲ್ಲಿ ಯಾವ ಬುಕಿಂಗ್ ಆದರೂ ಏಳು ದಿನ ಮುಂಚೆ ಹಾಕಬೇಕು. ಇಲ್ಲದಿದ್ದರೆ ಪರದೆ ಕೆಂಪಾಗಿ ಕಿರ್ರ್ ಅಂತ ಕೂಗುತ್ತೆ.

ಒಂದು ಬೆಳಿಗ್ಗೆ ಲಿಂಗದಹಳ್ಳಿ ಕಡೆಯಿಂದ ಒಬ್ಬರು ಬಂದರು. ಅವರ ಅಜ್ಜಿ ಹಿಂದಿನ ದಿನ ತೀರಿಕೊಂಡಿದ್ದರು, ಮೂರನೇ ದಿನದ ಕಾರ್ಯಕ್ಕೆ ಪಾತ್ರೆ ಬೇಕಿತ್ತು. ನಾನು ಹಾಕಿದೆ, ಪರದೆ ಕಿರ್ರ್ ಅಂತು. ಇನ್ನೊಂದು ಸಲ ಹಾಕಿದೆ, ಮತ್ತೆ ಕಿರ್ರ್. ಏಳು ದಿನ ಮೊದಲೇ ಬುಕ್ ಮಾಡಬೇಕಂತೆ ಅಂತ ಹೇಳೋವಾಗ ನನಗೇ ನಾಚಿಕೆಯಾಯಿತು. ಪುಣ್ಯಾತ್ಮ ಸಿಟ್ಟು ಮಾಡ್ಕೊಳ್ಳಲಿಲ್ಲ. ಅಜ್ಜಿ ನಮಗೂ ಮೊದಲೇ ಹೇಳಿರಲಿಲ್ಲ ಮೇಡಂ ಅಂದರು.

ಹುಡುಕಿ ಹುಡುಕಿ ನೋಡಿದರೆ ಅರ್ಜೆಂಟ್ ಅನ್ನೋ ಗುಂಡಿ ಇದ್ದದ್ದು ಗೃಹಪ್ರವೇಶಕ್ಕೆ ಮಾತ್ರ. ಬೇರೆ ದಾರಿ ಕಾಣದೆ ಅದನ್ನೇ ಒತ್ತಿ ಪಾತ್ರೆ ಕಳಿಸಿದೆ. ಆಮೇಲೆ ಸಿಸ್ಟಮ್ ತಾನಾಗಿಯೇ ಒಂದು ಮೆಸೇಜ್ ಕಳಿಸುತ್ತೆ ಅಂತ ನನಗೆ ಯಾರು ಹೇಳಿದ್ದರು? ಕಾರ್ಯದ ದಿನ, ಎಲ್ಲರೂ ಎಲೆ ಮುಂದೆ ಕೂತಿರೋವಾಗ, ಹೊಸ ಮನೆ ಸೇರಿದ ನಿಮಗೆ ಶುಭಾಶಯಗಳು, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡ್ತೀರ ಅಂತ ಅವರ ಮೊಬೈಲಿಗೆ ಹೋಗಿದೆ.

ಪಾತ್ರೆ ವಾಪಸ್ ತಂದಾಗ ನಾನು ಕೈ ಮುಗಿದು ತಪ್ಪಾಯ್ತು ಅಂದೆ. ಅವರು ನನ್ನನ್ನೇ ಸಮಾಧಾನ ಮಾಡಿದರು. "ಬಿಡಿ ಮೇಡಂ, ನಾನು ಐದು ಕೊಟ್ಟಿದೀನಿ. ನಮ್ಮಜ್ಜಿ ಇದ್ದಿದ್ರೆ ಮೂರರ ಮೇಲೆ ಕೊಡ್ತಿರಲಿಲ್ಲ."

ಒಳ್ಳೆ ದಿನ

ಇದು ಚಿಕ್ಕದು, ಆದರೆ ನೆನೆಸಿಕೊಂಡರೆ ಈಗಲೂ ತಲೆ ಕೆಡುತ್ತೆ.

ಆ ತಿಂಗಳಲ್ಲಿ ಇದ್ದದ್ದು ಒಂದೇ ಒಂದು ಒಳ್ಳೆ ಮುಹೂರ್ತ. ಮೂರೂ ತಾಲ್ಲೂಕಿನವರು ಅವತ್ತೇ ಮದುವೆ ಇಟ್ಟುಕೊಂಡಿದ್ದರು. ನಾನು ಒಂದರ ಹಿಂದೊಂದು ಬುಕಿಂಗ್ ಹಾಕ್ತಾ ಹೋದೆ. ಇದ್ದಕ್ಕಿದ್ದ ಹಾಗೆ ಇಡೀ ಸಿಸ್ಟಮ್‌ಗೆ ಬೀಗ ಬಿತ್ತು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ, ಒಂದೇ ದಿನಕ್ಕೆ ಇಷ್ಟೊಂದು ಬುಕಿಂಗ್ ಯಾರೂ ಮಾಡಲ್ಲ, ಯಾರೋ ಮೋಸ ಮಾಡ್ತಿದಾರೆ ಅಂತ ಸಿಸ್ಟಮ್‌ಗೆ ಅನುಮಾನ ಬಂದಿದೆ ಅಂದ ಆ ಕಡೆಯವ. ಮುಹೂರ್ತ ಕಣಪ್ಪ, ಎಲ್ಲರೂ ಅವತ್ತೇ ಮಾಡೋದು ಅಂದೆ. ಆತ ತಣ್ಣಗೆ, ಸ್ವಲ್ಪ ಜನಕ್ಕೆ ಮಂಗಳವಾರ ಮಾಡ್ಕೊಳ್ಳೋಕೆ ಹೇಳಿ, ಲೋಡು ಹಂಚಿಹೋಗುತ್ತೆ ಅಂದ.

ನನಗೆ ಮೈಯೆಲ್ಲ ಉರಿದು, ದಿನ ಇಡೋದು ನಾನಲ್ಲ, ಪುರೋಹಿತರನ್ನೇ ಕೇಳು ಅಂತ ನಮ್ಮ ಬೀದಿ ಪುರೋಹಿತರ ನಂಬರ್ ಕೊಟ್ಟು ಫೋನ್ ಇಟ್ಟೆ. ಸಿಟ್ಟಿನಲ್ಲಿ ಕೊಟ್ಟದ್ದು. ಆ ಮಹಾರಾಯ ನಿಜವಾಗಿಯೂ ಫೋನ್ ಮಾಡಿದಾನೆ. ಸಂಜೆ ಪುರೋಹಿತರು ಆಫೀಸಿಗೇ ಬಂದು, ಅದ್ಯಾರಮ್ಮ ಆ ಹುಡುಗ, ಪಂಚಾಂಗದ ಸೆಟ್ಟಿಂಗ್ಸ್ ಬದಲಾಯಿಸಿ ಅಂತಾನಲ್ಲ ಅಂದರು.

ಹೆಬ್ಬೆರಳು

ಬ್ರಾಂಚಿನ ಕೆಲಸ ಶುರುವಾಗಬೇಕಾದರೆ ಅಲ್ಲಿಯವರು ದಿನಾ ಬೆಳಿಗ್ಗೆ ಒಂದು ಪೆಟ್ಟಿಗೆ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಹಾಜರಿ, ಸಿಸ್ಟಮ್ ತೆರೆಯುತ್ತೆ. ದೊಡ್ಡಪ್ಪ ಮೂವತ್ತು ಮೂವತ್ತೈದು ವರ್ಷದಿಂದ ಬೂದಿ, ಹುಣಸೆಹಣ್ಣು ಹಾಕಿ ಕೊಳಗ ಉಜ್ಜಿದವರು. ಅವರ ಬೆರಳಿನಲ್ಲಿ ಗೆರೆ ಅನ್ನೋದೇ ಉಳಿದಿಲ್ಲ. ಹತ್ತೂ ಬೆರಳು ಇಟ್ಟು ನೋಡಿದರು, ಒಂದನ್ನೂ ಪೆಟ್ಟಿಗೆ ಒಪ್ಪಲಿಲ್ಲ.

ಅಳಿಯಂದಿರೇ ಖುದ್ದಾಗಿ ಅಜ್ಜಂಪುರಕ್ಕೆ ಹೋದರು, ಜೊತೆಗೆ ನಾನು. ಎಣ್ಣೆ ಸವರಿ ನೋಡಿದರು, ಬಿಸಿನೀರಿನಲ್ಲಿ ಅದ್ದಿ ನೋಡಿದರು. ಕೊನೆಗೆ ಕಂಪನಿಯವನು ಫೋನಿನಲ್ಲಿ, ಕಾಲಿನ ಹೆಬ್ಬೆರಳಲ್ಲಿ ಟ್ರೈ ಮಾಡಿ ಸಾರ್ ಅಂದ. ದೊಡ್ಡಪ್ಪ ಸ್ಟೂಲ್ ಮೇಲೆ ಕೂತು ಕಾಲು ಮುಂದೆ ಚಾಚಿದರು. ಅಳಿಯಂದಿರು ಪೆಟ್ಟಿಗೆಯನ್ನ ಗೋಡೆಯಿಂದ ಬಿಚ್ಚಿ ಹಿಡಿದು ಅವರ ಪಾದದ ಹತ್ತಿರ ಬಗ್ಗಿದರು. ಟಿಂಗ್ ಅಂತ ಒಂದೇ ಸಲಕ್ಕೆ ತಗೊಂಡಿತು. ಅಳಿಯಂದಿರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ದೊಡ್ಡಪ್ಪನ ಮುಖ ಮಾತ್ರ ಚಿಕ್ಕದಾಯಿತು. ಪೆಟ್ಟಿಗೆಯನ್ನ ಗೋಡೆಗೆ ಹೊಡೆದಿದ್ದದ್ದು ಯಜಮಾನರ ತಂದೆಯವರ ಫೋಟೋ ಕೆಳಗೆ. ದಿನಾ ಬೆಳಿಗ್ಗೆ ಹೂವು ಏರಿಸಿ ಊದುಬತ್ತಿ ಹಚ್ಚೋ ಜಾಗ ಅದು. ಸಾಯೋವರೆಗೂ ಅನ್ನ ಕೊಟ್ಟವರಿಗೆ ಕಾಲು ತೋರಿಸಲ್ಲ ಅಂದುಬಿಟ್ಟರು. ಹಾಗಾದರೆ ಪೆಟ್ಟಿಗೆ ಕೆಳಗೆ ಇಳಿಸೋಣ ಅಂದರೆ, ಅದು ದುಡಿಮೆ ಸಾಮಾನು, ಆಯುಧಪೂಜೆ ದಿನ ಕುಂಕುಮ ಇಟ್ಟಿದೀನಿ, ಎಲ್ಲಿಟ್ಟರೂ ನಾನು ಕಾಲು ತಾಗಿಸಲ್ಲ ಅಂದರು. ಅಳಿಯಂದಿರು ಹೇಳಿ ಹೇಳಿ ಸಾಕಾಗಿ ಎದ್ದರು.

ಹೀಗಾಗಿ ಸಿಸ್ಟಮ್ ಪ್ರಕಾರ ದೊಡ್ಡಪ್ಪ ಮೂರು ತಿಂಗಳು ಗೈರುಹಾಜರು. ಅಜ್ಜಂಪುರದ ಗೋಡೌನಿನಲ್ಲಿ ಪಾತ್ರೆಯೂ ಇಲ್ಲ, ಮನುಷ್ಯನೂ ಇಲ್ಲ. ಆದರೆ ಅಲ್ಲಿಂದ ವಾರಕ್ಕೆ ನಾಲ್ಕು ಗಾಡಿ ಲೋಡಾಗಿ ಹೋಗ್ತಿತ್ತು. ನಾನೇ ಆಫೀಸಿನ ಹಿಂದಿನ ನಲ್ಲಿ ಹತ್ತಿರ ಕಳ್ಳಿ ಹಾಗೆ ನಿಂತು ದೊಡ್ಡಪ್ಪನಿಗೆ ಫೋನ್ ಮಾಡಿ ಯಾವ ಮನೆಗೆ ಏನು ಕಳಿಸಬೇಕು ಅಂತ ಹೇಳ್ತಿದ್ದೆ. ಅಜ್ಜಂಪುರದಲ್ಲಿ ಯಾರೂ ಇಲ್ಲ ಅನ್ನೋದಾದರೆ ಆ ಗಾಡಿಗಳನ್ನ ಯಾರು ಕಳಿಸ್ತಿದಾರೆ ಸಾರ್ ಅಂತ ಅಳಿಯಂದಿರನ್ನ ಕೇಳಿದೆ. ಅವರು ಮೊಬೈಲ್ ನೋಡಿ, ಯಾವ ಗಾಡಿ ಮೇಡಂ, ಇಲ್ಲಿ ಒಂದೂ ಇಲ್ವಲ್ಲ ಅಂದರು.

ಲಿಸ್ಟ್ ಪ್ರಕಾರ

ಮೂರು ತಿಂಗಳು ಮುಗೀತು. ಪರದೆ ಮೇಲೆ ತರೀಕೆರೆ ಹಸಿರೋ ಹಸಿರು. ಒಂದೊಂದು ಸ್ಕ್ಯಾನ್‌ಗೆ ಒಂದೊಂದು ಅಂಕ ಅಂತ ತಿಳಿದ ಮೇಲೆ ಅಲ್ಲಿನ ಮ್ಯಾನೇಜರು ಪಾತ್ರೆ ಹೋಗೋವಾಗಲೇ ಹೋಯ್ತು ಅಂತ ಒಂದು ಸಲ, ಬಂತು ಅಂತ ಒಂದು ಸಲ, ಎರಡೂ ರಟ್ಟಿನ ಮೇಲೆ ಒಟ್ಟಿಗೇ ಮುಗಿಸಿಬಿಡ್ತಿದ್ದರು. ಅಜ್ಜಂಪುರಕ್ಕೆ ಸೊನ್ನೆ. ಬರೋ ತಿಂಗಳು ಒಂದನೇ ತಾರೀಖಿನಿಂದ ಅಜ್ಜಂಪುರ ಬ್ರಾಂಚು ಬಂದ್, ಕಾಗದ ರೆಡಿ ಮಾಡಿ ಅಂತ ಅಳಿಯಂದಿರು ನನಗೇ ಹೇಳಿದರು.

ಟೈಪ್ ಮಾಡೋವಾಗ ಅಕ್ಷರ ಕಾಣಿಸಲಿಲ್ಲ, ಅಷ್ಟು ಅಳು ಬರ್ತಿತ್ತು. ಈ ವಯಸ್ಸಿನಲ್ಲಿ ಅವರಿಬ್ಬರು ಎಲ್ಲಿಗೆ ಹೋಗಬೇಕು? ಕಾಗದ ಕಳಿಸೋಕೆ ಕೈ ಬರದೆ ಡ್ರಾಯರ್‌ನಲ್ಲಿ ಇಟ್ಟುಕೊಂಡೆ. ವಿಷಯ ಹೇಗೋ ಅಜ್ಜಂಪುರಕ್ಕೆ ಮುಟ್ಟಿತ್ತು. ದೊಡ್ಡಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಬೀಗದ ಕೈ ಕಡೂರಿಗೆ ನಾನೇ ತಂದು ಕೊಡ್ಲೇನಮ್ಮ, ಇಲ್ಲ ಯಾರಾದ್ರೂ ಬತ್ತಾರಾ?"

ಆ ತಿಂಗಳ ಕೊನೇ ಭಾನುವಾರ ಯಜಮಾನರ ಮೊಮ್ಮಗನ ನಾಮಕರಣ, ಅಂದರೆ ಅಳಿಯಂದಿರ ಸ್ವಂತ ಮಗನದ್ದೇ. ತರೀಕೆರೆಯ ಒಂದು ಛತ್ರದಲ್ಲಿ, ಎಂಟುನೂರು ಜನಕ್ಕೆ ಊಟ. ಪಾತ್ರೆಗಳನ್ನ ಅಳಿಯಂದಿರು ತಾವೇ ಮೊಬೈಲಿನಲ್ಲಿ ಬುಕ್ ಮಾಡಿದರು. ತರೀಕೆರೆಯಲ್ಲಿ ಎಲ್ಲ ಪಾತ್ರೆ ಇದೆ ಅಂತ ತೋರಿಸಿತು. ನೋಡಿ ಮೇಡಂ, ಒಂದು ಫೋನ್ ಇಲ್ಲ, ಒಂದು ಮಾತಿಲ್ಲ, ಎರಡು ನಿಮಿಷದಲ್ಲಿ ಮುಗೀತು ಅಂತ ನನಗೆ ತೋರಿಸಿದರು. ನಾನು ಒಂದು ಸಲ ಕೇಳಿ ನೋಡೋಣ ಸಾರ್ ಅಂದೆ. ಕೇಳೋದು ಯಾಕೆ, ಕಾಣಿಸ್ತಾ ಇದೆಯಲ್ಲ ಅಂದರು.

ಅವತ್ತು ಬೆಳಗಿನ ಆರು ಗಂಟೆಗೆ ಛತ್ರದ ಹಿಂದೆ ಅಡಿಗೆ ಭಟ್ಟರು ಒಲೆ ಹಚ್ಚಿಕೊಂಡು ಕೂತಿದ್ದರು. ತರಕಾರಿ ಹೆಚ್ಚಿಯಾಗಿತ್ತು, ಬೇಳೆ ತೊಳೆದಾಗಿತ್ತು. ನಮ್ಮ ಗಾಡಿ ಬಂತು. ಹಿಂದೆ ನೋಡಿದರೆ ಖಾಲಿ. ಡ್ರೈವರ್ ಮುಂದಿನ ಸೀಟಿನಿಂದ ಸ್ಟಿಕರ್ ಅಂಟಿಸಿದ ಆ ರಟ್ಟನ್ನ ಎರಡೂ ಕೈಯಲ್ಲಿ ಜೋಪಾನವಾಗಿ ಇಳಿಸಿದ.

ಅವನು ಹೊಸಬ, ಅವನನ್ನ ಬೈದು ಏನು ಪ್ರಯೋಜನ. ಲಿಸ್ಟಿನಲ್ಲಿರೋದನ್ನೆಲ್ಲ ಸ್ಕ್ಯಾನ್ ಮಾಡು, ಟಿಂಗ್ ಅಂದದ್ದನ್ನ ಗಾಡಿಗೆ ಹಾಕು ಅಂತ ಅವನ ಮೊಬೈಲಿಗೆ ಆರ್ಡರ್ ಬಂದಿತ್ತು. ತರೀಕೆರೆ ಗೋಡೌನಿನಲ್ಲಿದ್ದ ಕೊಳಗಗಳೆಲ್ಲ ಎರಡು ದಿನ ಮೊದಲೇ ಎರಡು ಮದುವೆಗೆ ಹೋಗಿದ್ದವು. ಮ್ಯಾನೇಜರು ಅದರಲ್ಲೊಂದು ಮದುವೆ ಮನೆಯಲ್ಲೇ ಇದ್ದರು. ಸಿಸ್ಟಮ್‌ನಲ್ಲಿ ಬಂದ ಹೊಸ ಬುಕಿಂಗನ್ನ ಅವರು ನೋಡಿಯೇ ಇರಲಿಲ್ಲ. ಡ್ರೈವರ್ ಬಾಗಿಲಲ್ಲಿ ನಿಂತು ಮೊಬೈಲ್ ಹಿಡಿದಿದಾನೆ, ಲಿಸ್ಟಿನಲ್ಲಿದ್ದ ಪ್ರತಿಯೊಂದೂ ಟಿಂಗ್ ಅಂದಿದೆ, ಟಿಂಗ್ ಅಂದದ್ದನ್ನ ಗಾಡಿಗೆ ಹಾಕ್ಕೊಂಡು ಬಂದಿದಾನೆ. ಲಿಸ್ಟ್ ಪ್ರಕಾರ ಎಲ್ಲ ಬಂದಿದೆ ಸಾರ್, ಒಂದೂ ಕಮ್ಮಿ ಇಲ್ಲ ಅಂತ ಅಳಿಯಂದಿರಿಗೆ ಮೊಬೈಲ್ ತೋರಿಸಿದ.

ಭಟ್ಟರು ಎದ್ದು ಬಂದು ರಟ್ಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ದನಿ ಒಂದಿಷ್ಟೂ ಏರಲಿಲ್ಲ. "ಇದರಲ್ಲಿ ಸಾರು ಮಾಡ್ಲೋ, ಪಾಯಸ ಮಾಡ್ಲೋ, ಹೇಳಿಬಿಡಿ ಸ್ವಾಮಿ. ಒಲೆ ಉರೀತಾ ಇದೆ."

ಅಳಿಯಂದಿರು ಮತ್ತೆ ಮೊಬೈಲ್ ತೆಗೆದು ನೋಡ್ತಾರೆ, ತರೀಕೆರೆ ಇನ್ನೂ ಹಸಿರಾಗಿಯೇ ಇದೆ. ಒಳಗೆ ಬೀಗರು ಒಬ್ಬೊಬ್ಬರೇ ಬಂದು ಕೂತ್ಕೊಳ್ತಿದಾರೆ. ನಾನು ದೊಡ್ಡಪ್ಪನನ್ನ ಕೇಳೋಣ ಅಂದೆ. ಅವರು ತಲೆ ತಗ್ಗಿಸಿ, ನಾನು ಯಾವ ಮುಖ ಇಟ್ಕೊಂಡು ಕೇಳಲಿ ಮೇಡಂ ಅಂದರು. ಮುಖದ ಯೋಚನೆ ಆಮೇಲೆ ಮಾಡೋಣ, ಮೊದಲು ಕೊಳಗದ ಯೋಚನೆ ಮಾಡಿ ಅಂತ ನಾನೇ ನಂಬರ್ ಒತ್ತಿ ಅವರ ಕೈಗೆ ಕೊಟ್ಟೆ.

ದೊಡ್ಡಪ್ಪ ಯಾಕೆ ಹೀಗಾಯ್ತು ಅಂತ ಕೇಳಲಿಲ್ಲ. ಎಷ್ಟು ಜನ, ಯಾವ ಭಟ್ಟರು, ಪಾಯಸ ಶಾವಿಗೆದೋ ಕಡ್ಲೆಬೇಳೆದೋ, ಇಷ್ಟೇ ಕೇಳಿದರು. ಅನ್ನದ ಕೊಳಗ ಎರಡು, ಸಾರಿನದು ಎರಡು ನನ್ನ ಹತ್ರ ಇದೆ, ಈಗಲೇ ತತ್ತೀನಿ ಅಂದರು. ಅಷ್ಟರವರೆಗೆ ಕೈ ಕಟ್ಟಿ ಕೂರಬೇಡಿ, ಅಮೃತಾಪುರದಲ್ಲಿ ಶುಕ್ರವಾರ ಗೃಹಪ್ರವೇಶ ಆದ ಮನೆ ಜಗಲಿ ಮೇಲೆ ನಮ್ಮವೇ ಬಾಣಲೆ, ಪಾಯಸದ ಪಾತ್ರೆ ಬೋರಲು ಹಾಕಿವೆ, ಬಂದು ತಗೊಂಡೋಗಿ ಅಂತ ನೆನ್ನೆ ನನಗೇ ಫೋನ್ ಮಾಡಿದ್ರು, ಗಾಡಿ ಅಲ್ಲಿಗೆ ಓಡಿಸಿ ಅಂದರು. ಬಡಿಸೋ ಆರು ಬಕೆಟು ಛತ್ರದ ಅಟ್ಟದ ಮೇಲಿವೆ, ಹೋದ ವರ್ಷ ನಾವೇ ಮರೆತು ಬಂದದ್ದು ಅಂತಲೂ ಹೇಳಿದರು. ಏಣಿ ಹಾಕಿ ನೋಡಿದರೆ ಆರೂ ಬಕೆಟು ಅಲ್ಲೇ ಇದ್ದವು.

ಏಳೂವರೆಗೆ ಅಜ್ಜಂಪುರದ ಗಾಡಿ ಬಂತು. ದೊಡ್ಡಪ್ಪ ಕೊಳಗಗಳ ಮಧ್ಯೆ ಕೂತು ಅವು ಅಲ್ಲಾಡದ ಹಾಗೆ ಹಿಡಿದುಕೊಂಡೇ ಬಂದಿದ್ದರು. ಹನ್ನೆರಡೂವರೆಗೆ ಎಲೆ ಹಾಕಿದೆವು. ತಡವಾದದ್ದು ಯಾರಿಗೂ ಗೊತ್ತಾಗಲಿಲ್ಲ. ಅಳಿಯಂದಿರು ಮಗುವನ್ನ ತಂದು ದೊಡ್ಡಪ್ಪನ ತೊಡೆ ಮೇಲೆ ಮಲಗಿಸಿ, ಅಜ್ಜಂಪುರ ಮುಚ್ಚಲ್ಲ, ನನ್ನಿಂದ ತಪ್ಪಾಯ್ತು ಅಂತ ಎಲ್ಲರ ಎದುರಿಗೇ ಹೇಳಿದರು. ದೊಡ್ಡಪ್ಪ ಮಗುವಿನ ತಲೆ ಸವರಿದರು. ನಾನಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟೆ.

ಇಷ್ಟಾದ ಮೇಲೆ ಅಳಿಯಂದಿರು ಸಾಫ್ಟ್‌ವೇರ್ ಬಿಟ್ಟರು ಅಂದುಕೊಂಡಿರಾ? ಎಲ್ಲಿ ಬಿಟ್ಟರು. ಕಂಪನಿಯವರನ್ನ ಹಿಡಿದು ಅದಕ್ಕೆ ಹೊಸದೊಂದು ಗುಂಡಿ ಮಾಡಿಸಿದರು. ಮೇಲೆ 'ನಿಖರ ಸ್ಟಾಕ್' ಅಂತ ಬರೆದಿದೆ. ಅದನ್ನ ಒತ್ತಿದರೆ ನೆಟ್ಟಗೆ ದೊಡ್ಡಪ್ಪನ ಫೋನ್ ರಿಂಗಾಗುತ್ತೆ.

ಮೊನ್ನೆ ಬೀರೂರಿನಿಂದ ಇಬ್ಬರು ಅಂಗಡಿಯವರು ನಮ್ಮ ಸಿಸ್ಟಮ್ ನೋಡಬೇಕು ಅಂತ ಬಂದಿದ್ದರು. ಅಳಿಯಂದಿರು ಕಾಫಿ ತರಿಸಿ, ದೊಡ್ಡ ಪರದೆ ಹಾಕಿ, ಬುಕಿಂಗು, ರಿಪೋರ್ಟು ಅಂತ ಎಲ್ಲ ತೋರಿಸಿದರು. ಕೊನೆಗೆ, ಇದೇ ನೋಡಿ ನಮ್ಮ ವಿಶೇಷ, ಮೂರು ತಾಲ್ಲೂಕಿನಲ್ಲಿ ಎಲ್ಲಿ ಯಾವ ಪಾತ್ರೆ ಇದ್ದರೂ ತಕ್ಷಣ ಹೇಳುತ್ತೆ ಅಂತ ಆ ಗುಂಡಿ ಒತ್ತಿದರು. ಬಂದವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನಾಲ್ಕು ಸಲ ರಿಂಗಾಗಿ, ಸ್ಪೀಕರಿನಲ್ಲಿ ಬಾಯಿ ತುಂಬ ಮುದ್ದೆ ಇಟ್ಕೊಂಡ ದನಿ ಬಂತು. "ಉಣ್ತಾ ಇದೀನಿ ಕಣಪ್ಪ. ಕೈ ತೊಳೆದು ಒಂದು ಗಳಿಗೆ ಮಲಗಿ ಏಳ್ತೀನಿ, ಆಮೇಲೆ ಒತ್ತು."

ಫೋನ್ ಕಟ್ಟಾಯಿತು. ಬಂದವರಿಬ್ಬರೂ ಅಳಿಯಂದಿರ ಮುಖ ನೋಡಿದರು. ಅಳಿಯಂದಿರು ಟೈ ಸರಿಮಾಡಿಕೊಂಡು, ಒಂದಿಷ್ಟೂ ನಗದೆ ಹೇಳಿದರು, "ಮಧ್ಯಾಹ್ನ ಒಂದರಿಂದ ಮೂರರವರೆಗೆ ನಮ್ಮ ಸರ್ವರ್ ಮೇಂಟೆನೆನ್ಸ್ ಇರುತ್ತೆ."